ಬಾಯ್ಲರ್ ಕೆಲಸ ಬಿಟ್ಟು ವರ್ಷಗಳಾದ ಮೇಲೆ ದಮ್ಮು

ಪ್ರಶ್ನೆ: ನಮ್ಮ ತಂದೆಯವರು 1988ರಿಂದ 2008ರವರೆಗೆ ಹುಬ್ಬಳ್ಳಿಯ ಒಂದು ಗಿರಣಿಯಲ್ಲಿ ಉಗಿಕೊಳವೆಗಳಿಗೆ ಆಸ್ಬೆಸ್ಟಾಸ್ ಹಗ್ಗ ಸುತ್ತುವ, ಹಳೆಯದನ್ನು ಕೆತ್ತಿ ತೆಗೆಯುವ ಕೆಲಸ ಮಾಡುತ್ತಿದ್ದರು. ಈಗ ಮೆಟ್ಟಿಲು ಹತ್ತಿದರೆ ದಮ್ಮು ಹತ್ತುತ್ತದೆ, ಒಣ ಕೆಮ್ಮೂ ಇದೆ. ಆ ಧೂಳಿನ ಪರಿಣಾಮ ಇಷ್ಟು ತಡವಾಗಿ ಕಾಣಿಸಿಕೊಳ್ಳಬಹುದೇ? ಅವರ ಬಟ್ಟೆ ಒಗೆಯುತ್ತಿದ್ದ ತಾಯಿಯವರಿಗೂ ಅಪಾಯವಿದೆಯೇ?
— ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ಖಂಡಿತ ಕಾಣಿಸಿಕೊಳ್ಳಬಹುದು. ಆಸ್ಬೆಸ್ಟಾಸ್ ಎಂಬ ಖನಿಜದ ಕಣ್ಣಿಗೆ ಕಾಣದ ನಾರುಗಳು ಶ್ವಾಸಕೋಶದ ಆಳಕ್ಕೆ ಇಳಿದರೆ, ಅವುಗಳಲ್ಲಿ ಉದ್ದವಾದವನ್ನು ದೇಹದ ರಕ್ಷಕ ಕೋಶಗಳು ನುಂಗಿ ಹೊರಹಾಕಲಾರವು. ಕೆಲಸ ಬಿಟ್ಟ ಮೇಲೂ ಉರಿಯೂತ ಒಳಗೊಳಗೇ ಮುಂದುವರಿದು ಶ್ವಾಸಕೋಶ ಗಡುಸಾಗುತ್ತ ಹೋಗುತ್ತದೆ. ಆಸ್ಬೆಸ್ಟಾಸಿಸ್ ಎನ್ನುವ ಈ ಕಾಯಿಲೆ ಹತ್ತಿಪ್ಪತ್ತು ವರ್ಷಗಳ ನಂತರ, ಶ್ವಾಸಕೋಶದ ಪೊರೆಗೆ ಬರುವ ಮೀಸೊಥೆಲಿಯೋಮಾ ಎಂಬ ಕ್ಯಾನ್ಸರ್ 20ರಿಂದ 50 ವರ್ಷಗಳ ನಂತರ ತಲೆದೋರುವುದುಂಟು. ಆಸ್ಬೆಸ್ಟಾಸ್ ಉದ್ಯಮಗಳು ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಕಾಯ್ದಿಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಆದೇಶಿಸಿತ್ತು. ಕೆಲಸದ ವೇಳೆ ಮೂಗಿಗೆ ಟವೆಲ್ಲು ಕಟ್ಟಿಕೊಳ್ಳುತ್ತಿದ್ದರೂ ಅದು ಈ ನಾರುಗಳನ್ನು ತಡೆಯುವಂಥದ್ದಲ್ಲ.

ಹಾಗೆಂದು ಎಲ್ಲ ದಮ್ಮೂ ಇದರಿಂದಲೇ ಬರುವುದಿಲ್ಲ. ಹೃದಯದ ತೊಂದರೆಯನ್ನೂ ಬೀಡಿಯ ಚಟವನ್ನೂ ಪರಿಶೀಲಿಸಬೇಕು. ನಮ್ಮ ಕಡೆ ಕೆಮ್ಮು, ಎಕ್ಸ್‌ರೇಯಲ್ಲಿ ನೆರಳು ಎಂದರೆ ಮೊದಲು ಕ್ಷಯದ ಕಡೆಗೇ ಗಮನ ಹೋಗುತ್ತದೆ. ಕಫ ಪರೀಕ್ಷೆ ಆಗಬೇಕಾದದ್ದೇ, ಆದರೆ ಅದರಲ್ಲಿ ಏನೂ ಸಿಗದಿದ್ದರೆ ಅಲ್ಲಿಗೇ ನಿಲ್ಲಬಾರದು. ಎದೆರೋಗ ತಜ್ಞರ ಮುಂದೆ ಮೊದಲ ಮಾತಾಗಿಯೇ ಬಾಯ್ಲರ್ ಕೆಲಸದ ವಿವರ ಹೇಳಿರಿ. ವೈದ್ಯರು ಈಗಿನ ಉದ್ಯೋಗವನ್ನು ಕೇಳುತ್ತಾರೆಯೇ ಹೊರತು ಹಿಂದಿನದನ್ನು ಕೇಳುವುದು ಅಪರೂಪ. ಆರಂಭದ ಹಂತ ಸಾದಾ ಎಕ್ಸ್‌ರೇಯಲ್ಲಿ ತಪ್ಪಿಹೋಗಬಹುದಾದ್ದರಿಂದ ಸಿ.ಟಿ. ಸ್ಕ್ಯಾನ್ ಮತ್ತು ಉಸಿರಾಟದ ಸಾಮರ್ಥ್ಯದ ಪರೀಕ್ಷೆ ಬೇಕಾಗುತ್ತವೆ. ಗಡುಸಾದ ಭಾಗವನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ. ತಂದೆಯವರು ಬೀಡಿ ಸೇದುತ್ತಿದ್ದರೆ ಇಂದೇ ಬಿಡಿಸಿರಿ, ಏಕೆಂದರೆ ಹೊಗೆ ಮತ್ತು ಆಸ್ಬೆಸ್ಟಾಸ್ ಕೂಡಿದಾಗ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಿಡಿಬಿಡಿಯಾಗಿರುವುದಕ್ಕಿಂತ ಬಹಳ ಹೆಚ್ಚುತ್ತದೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆಯೂ ವೈದ್ಯರನ್ನು ಕೇಳಿರಿ.

ತಾಯಿಯವರ ವಿಷಯದಲ್ಲಿ ನಿಮ್ಮ ಆತಂಕ ಕಾರಣವಿಲ್ಲದ್ದಲ್ಲ. ಕಾರ್ಮಿಕರ ಬಟ್ಟೆ ಒಗೆಯುತ್ತಿದ್ದ ಮನೆಯ ಹೆಂಗಸರಲ್ಲಿ ಮೀಸೊಥೆಲಿಯೋಮಾ ಕಂಡುಬಂದದ್ದು ವೈದ್ಯಲೋಕದಲ್ಲಿ ದಾಖಲಾಗಿದೆ, ಆದರೂ ಅದು ಅಪರೂಪ. ತೊಂದರೆಯೇನೂ ಇಲ್ಲದಿದ್ದರೆ ಪದೇ ಪದೇ ಸ್ಕ್ಯಾನ್ ಮಾಡಿಸುವ ಅಗತ್ಯವಿಲ್ಲ. ಎದೆನೋವು, ದಮ್ಮು ಕಾಣಿಸಿಕೊಂಡರೆ ಮಾತ್ರ ಈ ಹಿನ್ನೆಲೆಯನ್ನು ಮರೆಯದೆ ತಿಳಿಸಿರಿ.

ಆಸ್ಬೆಸ್ಟಾಸಿಸ್ ಎಂದು ಖಚಿತವಾದರೆ 1948ರ ಕಾರ್ಖಾನೆ ಕಾಯ್ದೆಯಲ್ಲೂ 1923ರ ನೌಕರರ ಪರಿಹಾರ ಕಾಯ್ದೆಯಲ್ಲೂ ಅದು ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿತ್ತು, 2025ರ ನವೆಂಬರ್‌ನಲ್ಲಿ ಅವುಗಳ ಜಾಗಕ್ಕೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಇರುವುದರಿಂದ, ಗಿರಣಿಯ ಹಾಜರಿ ಚೀಟಿ, ಪಿ.ಎಫ್. ಪಾವತಿ, ಇ.ಎಸ್.ಐ. ಕಾರ್ಡು ಏನಿದ್ದರೂ ಹುಡುಕಿ ಎತ್ತಿಡಿರಿ.