ಕೇಳ್ರಿ, ಹೇಳ್ತೀವಿ: ಜಿಮ್ನಾಸ್ಟಿಕ್ಸ್ ಹುಡುಗಿ ಓಡಬಾರದೇನು?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು, ಮೂರು ವರ್ಷದಿಂದ ಜಿಮ್ನಾಸ್ಟಿಕ್ಸ್ ಮಾಡ್ತಾಳ. ಈ ಸಲ ಸಾಲಿ ಸ್ಪೋರ್ಟ್ಸ್‌ನಾಗ 100 ಮೀಟರ್ ಓಡಿ ಫಸ್ಟ್ ಬಂದ್ಲು, ಈಗ ಎರಡೂ ಬೇಕಂತಾಳ. ಮನ್ಯಾಗ ಎಲ್ಲಾರೂ ಯಾವುದರೆ ಒಂದ್ ಹಿಡಿ ಅಂತಾರ. ಹಿಂದಕ ಫ್ರಾನ್ಸ್‌ನಾಗ ಎರಡೂ ಮಾಡೋರಿದ್ರು ಅಂತ ನಮ್ಮ ಭಾವ ಹೇಳ್ತಾರ, ಖರೇನ್ರಿ?
– ಒಬ್ಬ ತಂದಿ, ಕಲಬುರಗಿ

ಉತ್ತರ: ಖರೇ ಅದರಿ. ನಿಮ್ಮ ಭಾವ ಯಾರ್ ಬಗ್ಗೆ ಹೇಳಿದ್ರೋ ಏನೋ, ನನಗ ಮಾತ್ರ ನೆನಪಾಗೋದು ಜಿಮ್ನಾಸ್ಟ್ ಗುಸ್ತಾವ್ ಸಾಂದ್ರಾಸ್. 1872ರಾಗ ಹುಟ್ಟಿದವ, ಉತ್ತರ ಫ್ರಾನ್ಸಿನವ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಾಗ ಜಿಮ್ನಾಸ್ಟಿಕ್ಸ್ ಅಂದ್ರ ಇದ್ದದ್ದು ಒಂದೇ ಸ್ಪರ್ಧೆ, ಅದೂ ಸೈಕಲ್ ರೇಸ್ ನಡಿಯೋ ಮೈದಾನದಾಗ. 135 ಮಂದಿ ಇಳಿದಿದ್ರು. ಬಾರು, ರಿಂಗು, ಹಿಡಿಕಿ ಇರೋ ಕುದುರಿಯಂಥ ಪೊಮೆಲ್ ಹಾರ್ಸು ಎಲ್ಲಾ ಇತ್ತು ಸರಿ, ಅದರ ಜೋಡಿ ಹಗ್ಗ ಹತ್ತೋದು, ಉದ್ದ ಜಿಗಿತ, ಕೋಲ್ ಊರಿ ಹಾರೋ ಪೋಲ್ ವಾಲ್ಟ್, ಮ್ಯಾಲ 50 ಕೆಜಿ ಕಲ್ಲು ಬ್ಯಾರೆ ಎತ್ತಬೇಕು! ನಮ್ಮ ಕಡಿ ಜಾತ್ರ್ಯಾಗ ಹುಡುಗ್ರು ಗುಂಡು ಎತ್ತತಾರಲ್ಲ, ಹಂಗ. ಒಂದ್ ಚೀಲ ತೊಗರಿ ಬ್ಯಾಳಿ ತೂಕ ಅನ್ಕೋರಿ, ಆದ್ರ ಚೀಲಕ್ಕ ಹಿಡಕೊಳ್ಳಾಕ ಮೂಲಿ ಅರೆ ಇರ್ತಾವ. ಒಟ್ಟು 16 ಐಟಂ, ಒಂದೊಂದಕ್ಕ 20 ಮಾರ್ಕ್ಸು, 320ಕ್ಕ 302 ತಗೊಂಡು ಸಾಂದ್ರಾಸ್ ಫಸ್ಟ್ ಬಂದ. ಎರಡನೇದವ ನೋಯೆಲ್ ಬಾ 295, ಮೂರನೇದವ ಲೂಸಿಯೆನ್ ದೆಮಾನೆ 293, ಮೂವರೂ ಫ್ರಾನ್ಸಿನವ್ರೇ. ಈಗಿನ ಜಿಮ್ನಾಸ್ಟ್ ಕೈಯಾಗ ಪೋಲ್ ಕೊಟ್ಟು ಹಾರು ಅಂದ್ರ ನಕ್ಕು ಬಿಡ್ತಾನ.

ಓಟಾನೂ ಬೇಕಂದ್ರ 1904ಕ್ಕ ಬರ್ರಿ. ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಾಗ ಜಿಮ್ನಾಸ್ಟ್‌ಗಳಿಗೇ ಅಂತ 100 ಗಜದ ಓಟ, ಲಾಂಗ್ ಜಂಪ್, ಶಾಟ್‌ಪುಟ್ ಮೂರೂ ಸೇರಿಸಿ ಒಂದು ಸ್ಪರ್ಧೆ ಇಟ್ಟಿದ್ರು. ಹಿಂಗಾಗಿ ಯಾವುದರೆ ಒಂದ್ ಹಿಡಿ ಅನ್ನೋದು ಆಮ್ಯಾಲ ಬಂದ ಮಾತು.

ಇವ್ರೆಲ್ಲಾ ಗಂಡಸ್ರು ಅಂತೀರೇನು? ಹೆಣ್ಮಕ್ಕಳ ಕಥಿ ಇನ್ನೂ ಚಂದ. ಪ್ಯಾರಿಸ್‌ನಾಗ 1912ಕ್ಕ ಫೆಮಿನಾ ಸ್ಪೋರ್ಟ್ ಅಂತ ಹುಡುಗ್ಯಾರ ಕ್ಲಬ್ ಶುರು ಆತು, ಅದರಾಗ ಜಿಮ್ನಾಸ್ಟಿಕ್ಸ್ ಜೋಡಿ ಓಟ, ಫುಟ್‌ಬಾಲ್ ಎಲ್ಲಾ ಇತ್ತು. ಒಲಿಂಪಿಕ್ಸ್‌ನವ್ರು ಹೆಣ್ಮಕ್ಕಳನ್ನ ಟ್ರ್ಯಾಕ್ ಮ್ಯಾಲ ಬಿಡಲಿಲ್ಲಂತ ನಾಂತ್ ಊರಿನ ಆಲಿಸ್ ಮಿಲಿಯಾ ಅನ್ನೋಕಿ ಸಿಟ್ಟಿಗೆದ್ದು, 1922ರ ಆಗಸ್ಟ್‌ನಾಗ ಪ್ಯಾರಿಸ್‌ನಾಗೇ ಹೆಣ್ಮಕ್ಕಳದ್ದೇ ಬ್ಯಾರೆ ಕೂಟ ಮಾಡಿ ಐದು ದೇಶದವ್ರನ್ನ ಕರಕೊಂಡು ಬಂದ್ಲು. ಅಲ್ಲಿ 1000 ಮೀಟರ್ ಗೆದ್ದಾಕಿ ಫ್ರಾನ್ಸಿನ ಲೂಸಿ ಬ್ರೆಯಾರ್. ಕಡೀಕ 1928ರ ಆಮ್ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಾಗ ಹೆಣ್ಮಕ್ಕಳಿಗೆ ಓಟಾನೂ ಬಂತು, ಜಿಮ್ನಾಸ್ಟಿಕ್ಸೂ ಬಂತು, ಎರಡೂ ಒಂದೇ ವರ್ಷ ನೋಡ್ರಿ.

ಇನ್ನ ನಿಮ್ಮ ಮಗಳ ಮಾತು. ವಾಲ್ಟ್, ಅಂದ್ರ ಮೇಜಿನಂಥದ್ದರ ಮ್ಯಾಲ ಕೈ ಊರಿ ಹಾರೋದು, ಮಾಡಾಗ ಅಕಿ 25 ಮೀಟರ್ ತನ ಓಡಿ ಬಂದೇ ಹಾರತಾಳ, ಅಂದ್ರ ಓಟ ಅಕಿಗೇನೂ ಹೊಸಾದಲ್ಲ. ಒಂದೇ ದಿನ ಎರಡೂ ಕಡಿ ಪೂರ್ತಿ ಪ್ರಾಕ್ಟೀಸ್ ಮಾಡಿಸಬ್ಯಾಡ್ರಿ, ಅಷ್ಟ. ಅಲ್ಲಿ ಏನ್ ಮಾಡಿಸ್ಯಾರ ಅನ್ನೋದು ಇಲ್ಲಿ ಸರ್‌ಗೆ ಗೊತ್ತಿರಲಿ. ಓಟ ಮುಂಜಾನಿ ಇಡ್ರಿ, ನಮ್ಮೂರ ಬಿಸಲು ನಿಮಗ ನಾ ಹೇಳಬೇಕೇನು. ಭಾವನೋರಿಗೆ ಒಂದ್ ಚಾ ಕುಡಸ್ರಿ, ಅವ್ರು ಹೇಳಿದ್ದು ಸುಳ್ಳಲ್ಲ.