ಬಿಳಿಚಿದ ಹವಳ ಸತ್ತಂತೆಯೇ?

ಬಿಳಿಚಿದ ಹವಳವೆಲ್ಲ ಸತ್ತಂತೆಯೇ, ಪರ್ಷಿಯನ್ ಕೊಲ್ಲಿಯ ಹವಳಗಳು ಅಷ್ಟು ಬಿಸಿಯನ್ನು ಹೇಗೆ ತಾಳುತ್ತವೆ ಎಂದು ತಾವು ಕೇಳಿದ್ದೀರಿ. ಬಿಳಿಚುವುದೇ ಸಾವಲ್ಲ. ಹವಳವನ್ನು ಕಟ್ಟುವ ಪಾಲಿಪ್ ಎಂಬ ಪುಟ್ಟ ಪ್ರಾಣಿಯ ಅಂಗಾಂಶದೊಳಗೆ ನೆಲೆಸಿ, ಬಿಸಿಲಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಆಶ್ರಯದಾತನಿಗೇ ಕೊಡುವ ಏಕಕೋಶ ಪಾಚಿಗಳು ನೀರು ಅತಿಯಾಗಿ ಕಾದಾಗ ಹೊರಬೀಳುತ್ತವೆ. ಆಗ ಪಾರದರ್ಶಕ ಅಂಗಾಂಶದ ಮೂಲಕ ಸುಣ್ಣದ ಅಸ್ಥಿಪಂಜರ ಬೆಳ್ಳಗೆ ಕಾಣುತ್ತದೆ. ನೀರು ಬೇಗ ತಣಿದರೆ ಪಾಚಿ ಮತ್ತೆ ತುಂಬಿಕೊಳ್ಳಬಹುದು, ತಡವಾದರೆ ಪಾಲಿಪ್ ಹಸಿವಿನಿಂದ ಸಾಯುತ್ತದೆ.

ಬೇಸಿಗೆಯಲ್ಲಿ ನೀರು 34 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಆ ಕೊಲ್ಲಿಯ ದಕ್ಷಿಣ ಭಾಗದ ಹವಳಗಳಲ್ಲಿ, 2015ರಲ್ಲಿ ‘ಥರ್ಮೋಫಿಲಮ್’ ಎಂದು ಹೆಸರು ಪಡೆದ, ಶಾಖ ಸಹಿಸುವ ಪಾಚಿ ಪ್ರಭೇದವೇ ಹೆಚ್ಚಾಗಿ ನೆಲೆಸಿದೆ. ಬಿಸಿ ತಾಳುವ ಈ ಶಕ್ತಿಯಲ್ಲಿ ಪಾಲಿಪ್‌ನ ಸ್ವಂತ ವಂಶವಾಹಿಗಳ ಪಾಲೂ ಇದೆ. ಆದರೂ, ಹೇಳಲು ಸಂಕಟವಾಗುತ್ತದೆ, 2017ರ ಬೇಸಿಗೆಯಲ್ಲಿ ಅಬುಧಾಬಿಯ ಕರಾವಳಿಯಲ್ಲಿ ಇಷ್ಟು ಗಟ್ಟಿಯಾದ ಹವಳಗಳೂ ದೊಡ್ಡ ಪ್ರಮಾಣದಲ್ಲಿ ಬಿಳಿಚಿ ಸತ್ತವು.