ಕೋಚ್‌ಗೆ ‘ಸ್ವಲ್ಪ ದಿನ ರಜೆ’ ಕೊಡಲೇ?

ಪ್ರಶ್ನೆ: ನಾನು, ನಮ್ಮ ಭಾವ ಸೇರಿ ದಾವಣಗೆರೆಯಲ್ಲಿ ಮಕ್ಕಳಿಗೆ ಕ್ರಿಕೆಟ್ ತರಬೇತಿ ಕೊಡಿಸುತ್ತೇವೆ. ಬೌಲಿಂಗ್ ಕೋಚ್ ಇದೇ ಊರಿನವರು, ಮುಸ್ಲಿಂ. ಆರು ವರ್ಷದಲ್ಲಿ ಅವರ ಮೇಲೆ ಒಂದು ದೂರೂ ಬಂದಿಲ್ಲ. ಪಹಲ್ಗಾಮ್ ದಾಳಿ ಆದಮೇಲೆ ಕೆಲವು ಪೋಷಕರು ‘ಕೋಚ್ ಬದಲಾಯಿಸಿ, ಇಲ್ಲಾಂದ್ರೆ ಮಕ್ಕಳನ್ನು ಬಿಡಿಸ್ತೀವಿ’ ಅಂತಿದ್ದಾರೆ. ‘ಪಾಕಿಸ್ತಾನದವರನ್ನು ಐಪಿಎಲ್‌ಗೇ ಸೇರಿಸಲ್ಲ, ನೀವ್ಯಾಕೆ ಇಟ್ಕೊಂಡಿದ್ದೀರಿ’ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಬರೆದರು. ಎಲ್ಲ ತಣ್ಣಗಾಗುವವರೆಗೆ ಕೋಚ್‌ಗೆ ರಜೆ ಕೊಡೋಣ, ಇಲ್ಲವೇ ಬಾವುಟ ಹಿಡಿದ ಫೋಟೊ ಸ್ಟೇಟಸ್‌ಗೆ ಹಾಕೋಕೆ ಹೇಳೋಣ ಅನ್ನುತ್ತಾರೆ ಭಾವ. ಸಾಲದ ಕಂತು ಬೇರೆ ಇದೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಆ ವಾಟ್ಸಾಪ್ ಮಾತಿನಿಂದಲೇ ಶುರು ಮಾಡೋಣ.

2008ರ ಮೊದಲ ಐಪಿಎಲ್‌ನಲ್ಲಿ ಪಾಕಿಸ್ತಾನದ ಆಟಗಾರರೂ ಇದ್ದರು. ಆ ವರ್ಷ ಎಲ್ಲರಿಗಿಂತ ಜಾಸ್ತಿ ವಿಕೆಟ್ ಕಿತ್ತ ಸೊಹೈಲ್ ತನ್ವೀರ್ ಅಲ್ಲಿಯವರೇ. ಮಿಸ್ಬಾ ಉಲ್ ಹಕ್ ಅಂತೂ ನಮ್ಮ ಬೆಂಗಳೂರು ತಂಡದಲ್ಲೇ ಆಡಿದರು. ಅದೇ ನವೆಂಬರ್‌ನಲ್ಲಿ ಮುಂಬೈ ದಾಳಿ ಆಯಿತು. 2009ರಲ್ಲಿ ಪಾಕಿಸ್ತಾನದ ಆಟಗಾರರು ಬರಲಿಲ್ಲ. 2010ರ ಹರಾಜಿಗೆ ಮತ್ತೆ ಹನ್ನೊಂದು ಜನರ ಹೆಸರು ಬಂತು. ಹಿಂದಿನ ವರ್ಷವಷ್ಟೇ ಅವರ ದೇಶ ಟಿ20 ವಿಶ್ವಕಪ್ ಗೆದ್ದಿತ್ತು. ಆದರೂ ಒಬ್ಬರನ್ನೂ ಯಾರೂ ಕೊಳ್ಳಲಿಲ್ಲ. ಪಟ್ಟಿಯಲ್ಲಿ ಹೆಸರಿತ್ತು, ಹೆಸರು ಕೂಗಿದರು, ಯಾವ ತಂಡವೂ ಕೈ ಎತ್ತಲಿಲ್ಲ. ಆಗ ಶುರುವಾದ ‘ಈ ವರ್ಷ ಬೇಡ’ ಇನ್ನೂ ಮುಗಿದಿಲ್ಲ.

ಅದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಅಲ್ಲಿ ಎರಡು ಸರ್ಕಾರಗಳಿವೆ, ವೀಸಾ ಇದೆ, ಭದ್ರತೆಯ ಪ್ರಶ್ನೆ ಇದೆ, ಸತ್ತವರ ಮನೆಯವರ ನೋವಿದೆ. ಆದರೆ ದಾವಣಗೆರೆಯಲ್ಲೇ ಹುಟ್ಟಿ ಬೆಳೆದವರು ಯಾವ ವೀಸಾ ತೋರಿಸಬೇಕು? ಗ್ರೂಪಿನಲ್ಲಿ ಬರೆದವರು ದೇಶದ ಮಾತು ಆಡುತ್ತಾ ಆಡುತ್ತಾ ಹೆಸರಿಗೆ ಜಾರಿದ್ದಾರೆ. ಹೀಗೆ ಜಾರುವುದು ಹೊಸದಲ್ಲ. ಶೋಯಬ್ ಬಶೀರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಆಡುವುದೂ ಇಂಗ್ಲೆಂಡಿಗೇ. ಮನೆತನ ಪಾಕಿಸ್ತಾನ ಮೂಲದ್ದು. 2024ರಲ್ಲಿ ಅವರಿಗೆ ಭಾರತದ ವೀಸಾ ತಡವಾಗಿ ಹೈದರಾಬಾದ್ ಟೆಸ್ಟ್ ತಪ್ಪಿತು. 2021ರಲ್ಲಿ ದುಬೈನಲ್ಲಿ ನಾವು ಪಾಕಿಸ್ತಾನಕ್ಕೆ ಹತ್ತು ವಿಕೆಟ್‌ಗಳಿಂದ ಸೋತೆವು. ಸೋತದ್ದು ಹನ್ನೊಂದೂ ಜನ. ಬೈಸಿಕೊಂಡಿದ್ದು ಜಾಸ್ತಿ ಮೊಹಮ್ಮದ್ ಶಮಿ. ಆಗ ನಾಯಕ ವಿರಾಟ್ ಕೊಹ್ಲಿ ಪತ್ರಕರ್ತರ ಮುಂದೆಯೇ ಶಮಿ ಪರ ನಿಂತರು. ಶಮಿ ಏನಾದರೂ ರುಜುವಾತು ಕೊಡಲಿ ಎಂದು ಅವರು ಕಾಯಲಿಲ್ಲ.

ಹಾಗಾಗಿ ಬಾವುಟದ ಫೋಟೊ ಬೇಡವೇ ಬೇಡ. ನಿಮ್ಮ ಭಾವ ಒಳ್ಳೆ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ನೀವಾಗಲೀ ಭಾವನಾಗಲೀ ಅಂಥ ಫೋಟೊ ಹಾಕಬೇಕಿಲ್ಲ, ಅವರೊಬ್ಬರೇ ಯಾಕೆ? ಇವತ್ತು ಫೋಟೊ ಹಾಕಿಸಿದರೆ ನಾಳೆ ಭಾರತ–ಪಾಕ್ ಪಂದ್ಯ ಬಂದಾಗ ಇನ್ನೊಂದು ಕೇಳುತ್ತಾರೆ.

ರಜೆಯ ಯೋಚನೆಯೂ ಬಿಡಿ. ಕಾನೂನು ನಿಮ್ಮನ್ನು ತಡೆಯಲಿಕ್ಕಿಲ್ಲ. ಕೆಲಸದಲ್ಲಿ ಧರ್ಮದ ಭೇದ ಕೂಡದು ಎನ್ನುವ ಸಂವಿಧಾನದ 16ನೇ ವಿಧಿ ಇರುವುದು ಸರ್ಕಾರಿ ಕೆಲಸಕ್ಕೆ. ನಿಮ್ಮಂಥ ಸಣ್ಣ ಸಂಸ್ಥೆಯ ಬಾಗಿಲಿಗೆ ಯಾರೂ ಬಂದು ಕೇಳುವುದಿಲ್ಲ. ಆದರೆ ‘ತಣ್ಣಗಾಗುವವರೆಗೆ’ ಅಂತೀರಲ್ಲ, ತಣ್ಣಗಾಯಿತು ಎಂದು ಯಾವ ದಿನ ತೀರ್ಮಾನ ಮಾಡುತ್ತೀರಿ? ಆ ಪೋಷಕರೇ ಬಂದು ಹೇಳುತ್ತಾರಾ? ಹರಾಜಿನಲ್ಲಿ ಸುಮ್ನೆ ಕೂತ ತಂಡಗಳ ಹಾಗೆ ನೀವೂ ‘ಬೇಡ’ ಅನ್ನದೆಯೇ ಕೋಚ್‌ನನ್ನು ಕಳೆದುಕೊಳ್ಳುತ್ತೀರಿ.

ಕಂತಿನ ಚಿಂತೆ ಸಣ್ಣದಲ್ಲ, ಗೊತ್ತು. ಅದಕ್ಕೇ ಗ್ರೂಪಿನಲ್ಲಿ ಉತ್ತರ ಕೊಡಬೇಡಿ. ಅಲ್ಲಿ ಒಬ್ಬರು ಕೂಗಿದರೆ ಉಳಿದವರಿಗೂ ಕೂಗಲೇಬೇಕು ಅನಿಸುತ್ತದೆ. ಒಬ್ಬೊಬ್ಬರನ್ನೇ ಕರೆದು ಕೂರಿಸಿ ಮಾತಾಡಿ. ‘ನಿಮ್ಮ ಮಗನಿಗೆ ಅವರು ಹೇಳಿಕೊಡುವುದರಲ್ಲಿ ಏನು ಕೊರತೆ ಕಂಡಿರಿ?’ ಎಂದಷ್ಟೇ ಕೇಳಿ. ಮಗ ವಿನಯ್ ಕುಮಾರ್ ಥರ ಬೌಲರ್ ಆಗಲಿ ಎಂದು ಕಳಿಸಿದವರು, ಕೋಚ್ ಚೆನ್ನಾಗಿದ್ದರೆ ಎರಡು ಸಲ ಯೋಚಿಸುತ್ತಾರೆ. ಆಮೇಲೂ ಬಿಡಿಸುತ್ತೇವೆ ಅಂದರೆ ಉಳಿದ ತಿಂಗಳ ಫೀ ವಾಪಸ್ ಕೊಟ್ಟು ಕಳಿಸಿ. ಎಷ್ಟು ಮಕ್ಕಳು ಹೋದರೆ ಕಂತಿಗೆ ಎಷ್ಟು ಕಡಿಮೆ ಬೀಳುತ್ತದೆ ಎಂದು ಭಾವನ ಜೊತೆ ಮೊದಲೇ ಕೂತು ಲೆಕ್ಕ ಹಾಕಿ. ಲೆಕ್ಕ ಹಾಕಿದ ಮೇಲೆ ಅರ್ಧ ಭಯ ಹೋಗುತ್ತದೆ.

ಇದೆಲ್ಲಕ್ಕಿಂತ ಮೊದಲು ಕೋಚ್ ಹತ್ತಿರ ಮಾತಾಡಿ. ಗ್ರೂಪಿನ ಮೆಸೇಜು ಅವರ ಕಿವಿಗೂ ಬಿದ್ದಿರುತ್ತದೆ. ನೀವು ಬಾಯಿ ಬಿಡದಿದ್ದರೆ ಅವರು ಬೇರೆ ಕೆಲಸ ಹುಡುಕಲು ಶುರು ಮಾಡುತ್ತಾರೆ. ಏನು ನಡೆಯಿತು, ಯಾರು ಏನಂದರು, ನೀವು ಏನು ತೀರ್ಮಾನ ಮಾಡಿದಿರಿ, ಅಷ್ಟು ಹೇಳಿ ಸಾಕು. ಭಾವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.